‘ಮೊದಲು’ ಎಂಬ ನೌಕರನ ಮರಣಾನಂತರದ ವಿನಂತಿ

ಇಂದ,
‘ಮೊದಲು’ (ಕಚೇರಿಯಲ್ಲಿ ಎಲ್ಲರೂ ಹೀಗೇ ಕರೆಯುವುದರಿಂದ ನಿಜವಾದ ಹೆಸರು ತಮಗೆ ತಿಳಿದಿರಲಾರದು)
ಕರಡು ತಿದ್ದುವವನು, ಜೆರಾಕ್ಸ್ ಯಂತ್ರದ ಹಿಂದಿನ ಮೇಜು

ಗೆ,
ಮಾನ್ಯ ಯಜಮಾನರು
ಜಾಹೀರಾತು ಸಂಸ್ಥೆ, ಗಾಜಿನ ಕೋಣೆ

ವಿಷಯ: ಸಂಸ್ಥೆಯ ಭವ್ಯ ಇತಿಹಾಸಕ್ಕೆ ಮಾಹಿತಿ ಒದಗಿಸುವುದು ಮತ್ತು ಅದರ ಜೊತೆಗೇ ಒಂದು ಸಣ್ಣ ವಿನಂತಿ.

ಉಲ್ಲೇಖ: 1) ಸಂಸ್ಥೆಯ ಇತಿಹಾಸದ ಪುಸ್ತಕಕ್ಕೆ ಸಿಬ್ಬಂದಿಯು ಹೆಮ್ಮೆಯ ನೆನಪುಗಳನ್ನು ಕಡ್ಡಾಯವಾಗಿ ಬರೆದುಕೊಡತಕ್ಕದ್ದು ಎಂಬ ತಮ್ಮ ಸುತ್ತೋಲೆ. 2) ಲಿಫ್ಟಿನಲ್ಲಿ ತಾವು ಆಡಿದ ಮಾತು.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರ್ಜಿದಾರನು ತಮ್ಮ ಅಮೂಲ್ಯ ಗಮನಕ್ಕೆ ತರಬಯಸುವುದೇನೆಂದರೆ:

1. ಸಂಸ್ಥೆಯು ಔಷಧಿ ಅಂಗಡಿಯ ಮೇಲಿನ ಒಂದೇ ಒಂದು ಕೋಣೆಯಲ್ಲಿ ಹುಟ್ಟಿತು. ಮಾಡೆಲ್‌ಗಳನ್ನು ಕರೆಸುವ ತಾಕತ್ತು ಆಗ ಇರಲಿಲ್ಲವಾದ ಕಾರಣ ಸಿಬ್ಬಂದಿಯನ್ನೇ ನಿಲ್ಲಿಸಿ ಫೋಟೋ ತೆಗೆಯುವ ಪದ್ಧತಿ ಶುರುವಾಯಿತು. ತಾಕತ್ತು ಬಂದ ಮೇಲೂ ಪದ್ಧತಿ ಹೋಗಲಿಲ್ಲ. ಪುಕ್ಕಟೆ ಸಿಗುವ ಮುಖವನ್ನು ಯಾರು ತಾನೇ ಬಿಡುತ್ತಾರೆ? ಮೊದಲ ಗಿರಾಕಿ ಕೂದಲೆಣ್ಣೆಯವರು. ‘ಮೊದಲು’ ಮತ್ತು ‘ನಂತರ’ ಎಂದು ಎರಡು ಚಿತ್ರ ಬೇಕಾಗಿದ್ದವು. ತಾವು ಕೋಣೆಯ ಸುತ್ತ ಕಣ್ಣಾಡಿಸಿ, “ಅಯ್ಯೋ, ಇಂಥ ಸೋತ ಮುಖ ಇಲ್ಲೇ ಇಟ್ಕೊಂಡು ಊರೆಲ್ಲ ಹುಡುಕ್ತಿದ್ದೀನಲ್ಲಪ್ಪ!” ಎಂದು ಅರ್ಜಿದಾರನ ಬೆನ್ನು ತಟ್ಟಿದಿರಿ. ‘ನಂತರ’ಕ್ಕೆ ತಮ್ಮ ಬಾಮೈದನವರು ಸಿಕ್ಕರು.

2. ಅಲ್ಲಿಂದಾಚೆಗೆ ಸಂಸ್ಥೆಯ ಗಮನಾರ್ಹ ಕೃತಿಗಳೆಲ್ಲದರ ಎಡಭಾಗದಲ್ಲಿ ಅರ್ಜಿದಾರನಿದ್ದಾನೆ. ಹಲ್ಲುಪುಡಿಯ ಜಾಹೀರಾತಿನಲ್ಲಿ ಬಾಯಿಗೆ ಕೈ ಅಡ್ಡ ಹಿಡಿದವನು ಅವನೇ. ಮಂಡಿನೋವಿನ ಮುಲಾಮಿಗಾಗಿ ಮೆಟ್ಟಿಲ ಬುಡದಲ್ಲಿ ಕುಸಿದವನೂ, ಧೈರ್ಯವಾಗಿ ಮಾತಾಡುವುದನ್ನು ಕಲಿಸುವ ತರಬೇತಿಗಾಗಿ ಬೆವರು ಒರೆಸಿಕೊಂಡವನೂ ಅವನೇ. ಬಾಮೈದನವರು ಬಲಭಾಗದಲ್ಲಿ ನಗುತ್ತ ನಗುತ್ತ ನಿರ್ದೇಶಕರಾದರು. ಅರ್ಜಿದಾರನಿಗೆ ಮಾತ್ರ ಇಷ್ಟು ವರ್ಷದಲ್ಲಿ ಯಾವ ಔಷಧಿಯೂ ನಾಟಲಿಲ್ಲ. ಇದರಲ್ಲಿ ಸಂಸ್ಥೆಯ ತಪ್ಪೇನೂ ಇಲ್ಲ.

3. ಕಳೆದ ವರ್ಷ ಜೀವವಿಮೆಯವರು ಬಂದರು. ಗೋಡೆಯ ಮೇಲೆ ಕಪ್ಪು ಚೌಕಟ್ಟಿನಲ್ಲಿ ಸತ್ತ ಗಂಡ. ಕೆಳಗೆ ಹೊಸ ಸೋಫಾದಲ್ಲಿ ಹೆಂಡತಿ, ಮಕ್ಕಳು, ನಗು. ಸತ್ತವನ ಪಾತ್ರವು ಯಾವ ಚರ್ಚೆಯೂ ಇಲ್ಲದೆ ಅರ್ಜಿದಾರನಿಗೆ ದಕ್ಕಿತು. “ಅವರಿಲ್ಲ. ಕೊರತೆಯೂ ಇಲ್ಲ.” ಎಂಬ ಘೋಷವಾಕ್ಯದ ಕರಡನ್ನು ತಿದ್ದಿದವನೂ ಅವನೇ. ವಾಕ್ಯದಲ್ಲಿ ಯಾವ ದೋಷವೂ ಕಂಡುಬಾರದ ಕಾರಣ ಸಹಿ ಹಾಕಿ ಕಳಿಸಿದನು.

4. ಸತ್ತವರು ಚೆನ್ನಾಗಿ ಕಾಣಬೇಕೆಂದು ಗಿರಾಕಿ ಹಟ ಹಿಡಿದರು. ಆದ್ದರಿಂದ ಕಂಪ್ಯೂಟರಿನ ಹುಡುಗಿ ಅರ್ಜಿದಾರನ ತಲೆಗೆ ಕೂದಲು ಕೂಡಿಸಿ, ಕೆನ್ನೆಯ ಗುಂಡಿ ತುಂಬಿಸಿ, ಕಣ್ಣಿನ ಕೆಳಗಿನ ಕಪ್ಪು ಒರೆಸಿ, ಅವನನ್ನು ಮದುವೆಗೆ ಮುಂಚಿನ ಹುಡುಗನಂತೆ ಮಾಡಿಕೊಟ್ಟಳು. ಹೀಗೆ ಅರ್ಜಿದಾರನು ಕಟ್ಟಕಡೆಗೂ ‘ನಂತರ’ ಆದನು. ಅದಕ್ಕೆ ಸಾಯಬೇಕಾಯಿತು, ಅಷ್ಟೇ.

5. ಇನ್ನು ತೊಂದರೆಯ ವಿಚಾರ. ಸದರಿ ಜಾಹೀರಾತಿನ ಅತಿ ದೊಡ್ಡ ಹೋರ್ಡಿಂಗನ್ನು ಅರ್ಜಿದಾರನ ಮನೆಯ ಕಿಟಕಿಯ ಎದುರಿಗೇ ನಿಲ್ಲಿಸಲಾಗಿದೆ. ಆ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ದಿನವಿಡೀ ಕೂರುವವರು ಅರ್ಜಿದಾರನ ತಾಯಿಯವರು. ಅವರಿಗೆ ಮರೆವಿನ ಕಾಯಿಲೆ. ಹಳೆಯದೆಲ್ಲ ನೆನಪಿದೆ, ಈಚಿನದು ಅಷ್ಟಾಗಿ ನಿಲ್ಲುವುದಿಲ್ಲ. ಕಾರಣ, ಹೋರ್ಡಿಂಗಿನ ಮೇಲಿನ ಹುಡುಗನ ಗುರುತು ಅವರಿಗೆ ತಕ್ಷಣ ಸಿಕ್ಕಿತು. ತಮ್ಮ ಕುರ್ಚಿಯ ಪಕ್ಕದಲ್ಲೇ ನಿಂತಿದ್ದ ಬೋಳುತಲೆಯವನ ಗುರುತು ಸಿಗಲಿಲ್ಲ.

“ನನ್ನ ಮಗ ಹೋಗಿಬಿಟ್ಟ. ಊರಿಗೆಲ್ಲ ಗೊತ್ತು, ನನಗೊಬ್ಬಳಿಗೆ ಯಾರೂ ಹೇಳ್ಲಿಲ್ಲ” ಎಂದು ಅತ್ತರು. ಆಮೇಲೆ ಸೋಫಾದ ಮೇಲಿನ ಹೆಂಗಸನ್ನು ನೋಡಿ ಅವರಿಗೆ ಮೈಯೆಲ್ಲ ಉರಿದುಹೋಯಿತು. “ಯಾರೇ ಅವಳು? ಗಂಡ ಸತ್ತಿದ್ದಾನೆ, ಹಲ್ಲು ಕಿಸ್ಕೊಂಡು ಕೂತಿದ್ದಾಳಲ್ಲ!”

ಅರ್ಜಿದಾರನ ಹೆಂಡತಿ, “ಅತ್ತೆ, ಅದು ಜಾಹೀರಾತು. ನಿಮ್ಮ ಮಗ ಇಲ್ಲೇ ನಿಂತಿದ್ದಾರೆ, ನೋಡಿ” ಎಂದು ಅವನನ್ನು ಮುಂದಕ್ಕೆ ತಳ್ಳಿದಳು.

ತಾಯಿಯವರು ದಿಟ್ಟಿಸಿ ನೋಡಿ ಸೆರಗು ಸರಿಮಾಡಿಕೊಂಡರು. “ಪಾಪ, ಇವರು ಆಫೀಸಿನವರು ಕಣಮ್ಮ. ದಿನಾ ಸಂಜೆ ವಿಚಾರಿಸೋಕೆ ಬರ್ತಾರೆ. ಕೂತ್ಕೊಳ್ಳಿ ಸ್ವಾಮಿ.”

ಹೆತ್ತ ತಾಯಿಯಿಂದ ಸ್ವಾಮಿ ಎನ್ನಿಸಿಕೊಂಡ ಅರ್ಜಿದಾರನು ಕೂತುಕೊಂಡನು. ವಾದ ಮಾಡಬೇಡಿ, ಗಾಬರಿಯಾಗುತ್ತಾರೆ ಎಂದು ವೈದ್ಯರು ಹೇಳಿದ್ದಾರೆ.

6. ಈ ಸಂಗತಿಯನ್ನು ಲಿಫ್ಟಿನಲ್ಲಿ ತಮಗೆ ಅರಿಕೆ ಮಾಡಿಕೊಂಡಾಗ ತಾವು, “ಹೆತ್ತ ತಾಯೀನೇ ನಂಬಿಬಿಟ್ರಾ? ಇದಕ್ಕಿಂತ ದೊಡ್ಡ ಪ್ರಶಸ್ತಿ ಬೇಕೇನ್ರೀ ನಮಗೆ! ಬರೆದುಕೊಡಿ, ಪುಸ್ತಕಕ್ಕೆ ಹಾಕೋಣ” ಎಂದು ಅಪ್ಪಣೆ ಕೊಡಿಸಿದಿರಿ. ಅದರಂತೆ ಬರೆದಿದೆ. ಹಾಕಿಕೊಳ್ಳಬಹುದು.

7. ಹೋರ್ಡಿಂಗ್ ತೆಗೆಸಿ ಎಂದು ಕೇಳಲು ಅರ್ಜಿದಾರನು ಬಂದಿಲ್ಲ. ಮೊನ್ನೆ ಗಾಳಿಗೆ ಅದು ಹರಿದು ಜೋತಾಡಿದಾಗ ತಾಯಿಯವರು, “ಅವನ ಫೋಟೋನಾದ್ರೂ ಇತ್ತು, ಅದನ್ನೂ ಕಿತ್ಕೊಂಡ್ರಾ?” ಎಂದು ಊಟ ಬಿಟ್ಟರು. ಸಂಸ್ಥೆಯವರು ಹೊಸದು ಅಂಟಿಸಿದ ಮೇಲೆಯೇ ತುತ್ತು ಇಳಿಯಿತು. ಈ ಉಪಕಾರಕ್ಕೆ ಅರ್ಜಿದಾರನು ಋಣಿ. ಇಷ್ಟು ಹೊತ್ತಿನ ಕೊಂಕನ್ನು ಬದಿಗಿಟ್ಟು ಹೇಳುತ್ತಿದ್ದಾನೆ.

8. ನಿನ್ನೆ ಸಂಜೆ ತಾಯಿಯವರು ಅರ್ಜಿದಾರನ ಕೈ ಹಿಡಿದುಕೊಂಡರು. “ನೀವು ಅವನ ಜೊತೆ ಕೆಲಸ ಮಾಡಿದೋರು. ಬಂದು ಹೀಗೆ ಕೂತು ಎದ್ದು ಹೋಗ್ತೀರಿ. ಒಂದಿನ ಬಿಡುವು ಮಾಡ್ಕೊಂಡು ಬನ್ನಿ ಸ್ವಾಮಿ. ಅವನ ವಿಷಯ ಮಾತಾಡೋಣ. ಈ ಮನೇಲಿ ನಾನೊಬ್ಬಳೇ ಅಳ್ತೀನಿ, ಇವರ್ಯಾರೂ ಅಳೋದೇ ಇಲ್ಲ.”

ಅದು ನಿಜ. ಗಂಡನು ಎದುರಿಗೇ ಓಡಾಡಿಕೊಂಡಿರುವ ಕಾರಣ ಸೊಸೆಗೆ ಅಳು ಬರುವುದಿಲ್ಲ.

ಆದ್ದರಿಂದ, ಸಂಸ್ಥೆಯ ಪರವಾಗಿ ಮೃತ ನೌಕರರ ಮನೆಗೆ ಭೇಟಿಕೊಡಲು ಸಹೋದ್ಯೋಗಿಯೊಬ್ಬರಿಗೆ ಒಂದು ದಿನದ ರಜೆ ನೀಡುವ ನಿಯಮದಡಿ, ಅರ್ಜಿದಾರನಿಗೆ ತನ್ನ ಮನೆಗೆ ಹೋಗಿಬರಲು ಅನುಮತಿ ನೀಡಬೇಕಾಗಿ ಪ್ರಾರ್ಥನೆ. ಸಾಧ್ಯವಾದರೆ ಸೋಫಾದ ಮೇಲಿನ ಹೆಂಗಸಿನ ತುಟಿಗಳನ್ನೂ ಸ್ವಲ್ಪ ಮುಚ್ಚಿಸಬೇಕು. ಅಳುವುದೇನೂ ಬೇಡ.

ಇಂತು ತಮ್ಮ ವಿಶ್ವಾಸಿ,
(ಸಹಿ)
ದಿವಂಗತ ‘ಮೊದಲು’

ಲಗತ್ತುಗಳು:
ಅ) ವೈದ್ಯರ ಪತ್ರ.
ಆ) ಘೋಷವಾಕ್ಯದ ಕರಡು, ‘ದೋಷವಿಲ್ಲ’ ಎಂಬ ಅರ್ಜಿದಾರನ ಷರಾದೊಂದಿಗೆ.
ಇ) ಅರ್ಜಿದಾರನ ಈಗಿನ ಭಾವಚಿತ್ರ. ಇದನ್ನು ಯಾವ ಜಾಹೀರಾತಿಗೂ ಬಳಸಕೂಡದು.

ವಿ.ಸೂ.: ರಜೆಯ ಆದೇಶದಲ್ಲಿ ಅರ್ಜಿದಾರನ ನಿಜವಾದ ಹೆಸರನ್ನು ಹುಡುಕಿ ಬರೆಯುವ ಶ್ರಮ ತೆಗೆದುಕೊಳ್ಳಬಾರದು, ‘ಆಫೀಸಿನವರು’ ಎಂದರೆ ಸಾಕು. ತಾಯಿಯವರು ಈಗಲೂ ಕೈಗೆ ಸಿಕ್ಕ ಕಾಗದವನ್ನೆಲ್ಲ ಓದುತ್ತಾರೆ. ತಮ್ಮ ಮಗನ ಹೆಸರಿನವನೇ ಇನ್ನೊಬ್ಬ ಬದುಕಿದ್ದಾನೆಂದು ತಿಳಿದರೆ ಅವರಿಗೆ ತಡೆದುಕೊಳ್ಳಲಾಗುವುದಿಲ್ಲ.