ಒಂದೇ ಸೀರೆಯ ಅತ್ತೆ

ಸೀರೆಯ ಊರಾದ ಇಳಕಲ್ಲಿನಲ್ಲಿ ಹುಟ್ಟಿ, ಅಲ್ಲೇ ಬೆಳೆದು, ಐವತ್ತರ ಹತ್ತಿರ ಬಂದರೂ ಒಂದೇ ಸೀರೆಯಲ್ಲಿ ಕಾಲ ಕಳೆಯುವ ಹೆಂಗಸು ಯಾರಾದರೂ ಇದ್ದರೆ ಅದು ನಮ್ಮ ಅತ್ತೆ, ಅಪ್ಪನ ಅಕ್ಕ. ಬಡತನವೆ? ಅಲ್ಲ. ಹರಕೆಯೆ? ಅಲ್ಲ. ಜಿಪುಣತನವಂತೂ ಅಲ್ಲವೇ ಅಲ್ಲ! ಅವಳ ಟ್ರಂಕಿನಲ್ಲಿ ಹದಿನೇಳು ಸೀರೆಗಳಿವೆ. ನಾನೇ ಎಣಿಸಿ ದಿನಚರಿಯಲ್ಲಿ ಬರೆದಿದ್ದೇನೆ. ಒಂದನ್ನು ಬಿಟ್ಟು ಬೇರಾವುದರ ಮಡಿಕೆಯನ್ನೂ ಅವಳು ಬಿಚ್ಚಿರಲಿಲ್ಲ.

ನಮ್ಮ ಮನೆತನದ ಮದುವೆಯ ಫೋಟೋಗಳಲ್ಲಿ ಅತ್ತೆ ಒಂಬತ್ತು ಕಡೆ ಇದ್ದಾಳೆ. ಒಂಬತ್ತರಲ್ಲೂ ಅದೇ ಕಡುನೀಲಿ ಒಡಲು, ಅದೇ ಕೆಂಪು ಸೆರಗು. ಹೊರಗಿನವರು ನೋಡಿದರೆ ಒಂಬತ್ತು ಮದುವೆಗಳನ್ನೂ ಒಂದೇ ಮುಹೂರ್ತಕ್ಕೆ ಮುಗಿಸಿದರೆಂದು ತಿಳಿದಾರು! ಹೋದ ಸಲ ಬೀಗರ ಕಡೆಯವಳೊಬ್ಬಳು ಕೆಣಕಿದಳು:

"ಊರ ತುಂಬ ಸೀರಿ ಅಂಗಡಿ ಅದಾವ. ನಿಮಗ ಇನ್ನೊಂದು ಸಿಗಲಿಲ್ಲೇನ್ರಿ?"

"ಸಿಕ್ಕಾವ್ರಿ. ಅವಕ್ಕ ನಾ ಸಿಕ್ಕಿಲ್ಲ," ಎಂದಳು ಅತ್ತೆ. ಎಂದವಳೇ ಚಪ್ಪಲಿ ಮೆಟ್ಟಿದಳು. ಊಟಕ್ಕೆ ಇನ್ನೂ ಎಲೆ ಹಾಕಿರಲಿಲ್ಲ. ಒಂಬತ್ತು ಮದುವೆಗಳಲ್ಲಿ ಅವಳು ಉಂಡದ್ದು ಸೊನ್ನೆ.

ಕಾರಣ ಇಳಕಲ್ಲಿನ ಮನೆಯಲ್ಲಿ ಅತ್ತೆಯ ಜೊತೆಗಿರುವ ಅಜ್ಜಿ. ಎಂಬತ್ತು ದಾಟಿದ ಅವಳಿಗೆ ಕಣ್ಣು ಮಬ್ಬು, ಕಿವಿ ಮಂದ. ನೆನಪು ಮನಸ್ಸಾದಾಗ ಬಂದು ಹೋಗುತ್ತದೆ. ಚುರುಕಾಗಿರುವುದು ಬೆರಳುಗಳು ಮಾತ್ರ. ಮಗ್ಗದ ಮೇಲೆ ಒಡಲಿನ ಎಳೆಗಳಿಗೆ ಸೆರಗಿನ ಎಳೆಗಳನ್ನು ಒಂದೊಂದಾಗಿ ಕೊಂಡಿ ಹಾಕಿ ಕೂಡಿಸುವುದು ಅವಳ ಜೀವಮಾನದ ಕೆಲಸವಾಗಿತ್ತು. ಕಣ್ಣು ಮಂಜಾದ ಮೇಲೂ ಹಟ ಹಿಡಿದು ಒಂದು ಸೀರೆ ಕೂಡಿಸಿದಳು. ಗಂಟುಗಳೆಲ್ಲ ಜೋಳದ ಕಾಳಿನ ಹಾಗಾದವು! ಅಂಗಡಿಯವರು ಅದನ್ನು ಮರಳಿ ಕಳಿಸಿದರು. ಅಜ್ಜಿ ನೊಂದುಕೊಳ್ಳಬಾರದೆಂದು ಅತ್ತೆ ಅದನ್ನು ಉಟ್ಟುಕೊಂಡಳು. ಆಯಿತು, ಸಿಕ್ಕಿಬಿದ್ದಳು.

ಈಗ ಅಜ್ಜಿ ಮಗಳನ್ನು ಗುರುತಿಸುವುದು ಆ ಗಂಟುಗಳಿಂದಲೇ. ಸೆರಗು ಹಿಡಿದು ಬೆರಳಾಡಿಸುತ್ತಾಳೆ. ಗಂಟು ಸಿಕ್ಕರೆ ಮಗಳು, ಸಿಗದಿದ್ದರೆ ಕಳ್ಳಿ! ಒಮ್ಮೆ ಹಬ್ಬಕ್ಕೆಂದು ಹೊಸ ಸೀರೆ ಉಟ್ಟು ಹೋಳಿಗೆ ತಿನ್ನಿಸಲು ಹೋದ ಅತ್ತೆ ಕೈ ಪರಚಿಸಿಕೊಂಡು ಬಂದಳು. ಅಂದಿನಿಂದ ಸೀರೆ ಒಗೆಯುವುದು ಅಜ್ಜಿ ಮಧ್ಯಾಹ್ನ ಮಲಗಿದಾಗ, ಒಣಗಿಸುವುದು ಫ್ಯಾನಿನ ಕೆಳಗೆ. ಅತ್ತೆ ನೈಟಿಯಲ್ಲಿ ಪಕ್ಕಕ್ಕೆ ಕುಳಿತು, ಅಜ್ಜಿ ಏಳದಿರಲೆಂದು ದೇವರಿಗೂ, ಕರೆಂಟು ಹೋಗದಿರಲೆಂದು ಇಲಾಖೆಗೂ ಒಟ್ಟಿಗೇ ಬೇಡಿಕೊಳ್ಳುತ್ತಾಳೆ.

ಇಂಥ ಅತ್ತೆಗೆ ಒಂದೇ ಒಂದು ಹುಚ್ಚು, ಬಾದಾಮಿ. ಗುಹೆ ನೋಡಲು ಅಲ್ಲ. ಅಲ್ಲಿ ಅವಳ ಶಾಲೆಯ ಗೆಳತಿ ಶಮೀಮ್ ಹೊಲಿಗೆಯ ಕ್ಲಾಸ್ ನಡೆಸುತ್ತಾಳೆ. ಅತ್ತೆಯ ಕಸೂತಿ ಕಂಡವಳು. ಪ್ರತಿ ಬುಧವಾರ ಬಂದು ಹುಡುಗಿಯರಿಗೆ ಕಸೂತಿ ಕಲಿಸು ಎಂದು ಎರಡು ವರ್ಷದಿಂದ ಜಾಗ ಹಿಡಿದಿಟ್ಟಿದ್ದಾಳೆ. ಅತ್ತೆ ಹೊರಟದ್ದು ಆರು ಸಲ. ಹುನಗುಂದದಲ್ಲಿ ಇಳಿದು ಮರಳಿದ್ದು ನಾಲ್ಕು, ಅಮೀನಗಡದಿಂದ ಎರಡು. ಪ್ರತಿ ಸಲವೂ ಪಕ್ಕದ ಮನೆಯವರ ಫೋನು: "ಲಗೂನ ಬಾರವ್ವ, ನಿಮ್ಮವ್ವ ಒದರಾಕತ್ತಾಳ!"

ಕಡೆಗೆ ಶಮೀಮ್ ಕೂಡ ಸೋತಳು. "ಈ ಬುಧವಾರ ಬರಲಿಲ್ಲಂದ್ರ ಬ್ಯಾರೇದಾಕೀನ ಇಟ್ಕೋತೇನಿ. ನನ್ನ ಮ್ಯಾಲ ಸಿಟ್ಟ ಆಗಬ್ಯಾಡಲೇ," ಎಂದಳಂತೆ.

ನಾವಿರುವುದು ಬಾಗಲಕೋಟೆಯ ವಿದ್ಯಾಗಿರಿಯಲ್ಲಿ. ಅಜ್ಜಿಯ ಮಾತು ಬಂದಾಗಲೆಲ್ಲ ಅಪ್ಪ "ಅಕ್ಕ ಅದಾಳಲ್ಲ" ಎನ್ನುತ್ತಾನೆ. ಒಂದು ವರ್ಷದಲ್ಲಿ ಇಪ್ಪತ್ತಮೂರು ಸಲ ಅಂದದ್ದನ್ನು ಬರೆದಿಟ್ಟಿದ್ದೆ. ಅದನ್ನು ಓದಿ ಹೇಳಿದೆ. "ನಾ ಏನ ಮಾಡ್ಲಿ, ಸೀರಿ ಉಟ್ಕೊಳ್ಲೇನ?" ಎಂದು ರೇಗಿದ.

"ಉಡೂದ ಬ್ಯಾಡಪ್ಪ. ಹೊತ್ಕೊಂಡ್ರ ಸಾಕು."

ಬುಧವಾರ ಬೆಳಿಗ್ಗೆ ಅಪ್ಪ ರಜೆ ಹಾಕಿ ನನ್ನೊಂದಿಗೆ ಇಳಕಲ್ಲಿಗೆ ಬಂದು, ಹೊಟ್ಟೆಯ ಮೇಲೆ ಕಡುನೀಲಿ ಸೀರೆ ಸುತ್ತಿ, ಕೆಂಪು ಸೆರಗು ಹೆಗಲಿಗೇರಿಸಿ, ಮೀಸೆ ತಿರುವುತ್ತ ಕುಳಿತ. ಅತ್ತೆ ಟ್ರಂಕಿನಿಂದ ಗಿಣಿಹಸಿರು ಸೀರೆ ತೆಗೆದು ಉಟ್ಟಳು. ಕನ್ನಡಿಯ ಮುಂದೆ ಬಹಳ ಹೊತ್ತು ನಿಂತು, "ಯಾರೀಕಿ?" ಎಂದಳು. ಆಮೇಲೆ ಓಡಿದಳು, ಬಸ್ಸಿಗೆ.

ಅಜ್ಜಿ ಎದ್ದಳು. ಕೈ ಗಾಳಿಯಲ್ಲಿ ತಡಕಾಡಿತು. ಅಪ್ಪ ಸೆರಗು ಮುಂದೆ ಮಾಡಿದ. ಬೆರಳುಗಳು ಗಂಟಿನಿಂದ ಗಂಟಿಗೆ ನಡೆದು ನಿಂತವು. ಆಮೇಲೆ ಅವನ ಕೈ ಹಿಡಿದಳು.

"ಯವ್ವಾ, ಕೈ ಇಷ್ಟ್ಯಾಕ ಮೆತ್ತಗ ಆಗ್ಯಾವ? ಇವತ್ತ ಕೆಲಸ ಮಾಡಿಲ್ಲೇನ?"

ನಾನು ಬಾಯಿಗೆ ಕೈ ಒತ್ತಿಕೊಂಡು ನಕ್ಕೆ. ಇಪ್ಪತ್ತೈದು ವರ್ಷ ಫೈಲು ಹಿಡಿದ ಕೈ ಅದು! ಅಪ್ಪ ನಗಲಿಲ್ಲ. ತನ್ನ ಅಂಗೈ ತಿರುಗಿಸಿ ನೋಡಿಕೊಂಡ. ಇಬ್ಬರೂ ಸೇರಿ ಅಜ್ಜಿಯನ್ನು ಎತ್ತಿ ಕೂರಿಸಿದೆವು, ಒರೆಸಿದೆವು, ಗಂಜಿ ಕುಡಿಸಿದೆವು. ಅಷ್ಟಕ್ಕೇ ಅಪ್ಪ ಸೊಂಟ ಹಿಡಿದುಕೊಂಡ. "ಅಕ್ಕ ಇದನ್ನ ಒಬ್ಬಾಕೀನ ಹೆಂಗ..." ಎಂದ.

ಮಧ್ಯಾಹ್ನ ಅತ್ತೆಯ ಫೋನು ಬಂತು. "ಮುಟ್ಟೇನಿ ನೋಡು! ಬಾದಾಮಿ ಮುಟ್ಟೇನಿ! ಹನ್ನೆರಡ ಮಂದಿ ಹುಡುಗ್ಯಾರು ಅದಾರ, ಟೀಚರ್ ಅಂತಾರ ನನಗ! ನಾಕಕ್ಕ ಮುಗೀತದ." ದನಿ ತಟ್ಟನೆ ಇಳಿಯಿತು. "ಅವ್ವಗ ಗೊತ್ತಾತೇನ? ಆಗಿದ್ರ ಹೇಳು, ಈಗ ಬಸ್ ಐತಿ. ಬಂದಬಿಡ್ತೇನಿ."

"ಇಲ್ಲ ಅತ್ತಿ," ಎಂದೆ.

ಎರಡು ಗಂಟೆಯ ಸುಮಾರಿಗೆ ಅಜ್ಜಿ ಸೆರಗನ್ನು ಹತ್ತಿರ ಎಳೆದುಕೊಂಡು ಗುಟ್ಟು ಹೇಳುವವಳಂತೆ ಶುರುಮಾಡಿದಳು.

"ತಮ್ಮ ಬಂದಿಲ್ಲಂತ ಸಿಟ್ಟ ಆಗಬ್ಯಾಡವ್ವ. ಅವಗ ಕೆಲಸ ಭಾಳ. ಅವ್ವ ದಿನಾ ಇದನ್ನ ಹೇಳ್ತಾಳ ಅಂತ ಬ್ಯಾಸರ ಮಾಡ್ಕೋಬ್ಯಾಡ."

ದಿನಾ! ಅತ್ತೆ ದಿನಾ ಇದನ್ನು ಕೇಳಿ, ದಿನಾ ಹೂಂ ಅಂದಿದ್ದಾಳೆ. ನಮಗೆ ಒಂದು ದಿನವೂ ಹೇಳಿಲ್ಲ.

"ಒಮ್ಮೆ ಅವನ ಮಾರಿ ಮುಟ್ಟಿ ನೋಡಬೇಕಿತ್ತು," ಎಂದಳು ಅಜ್ಜಿ.

ಆ ಮುಖ ಅವಳಿಂದ ಒಂದು ಗೇಣು ದೂರದಲ್ಲಿತ್ತು. ಅಪ್ಪ ಬಾಯಿ ತೆರೆದ. 'ನಾನೇ ಅವ್ವ' ಎಂದರೆ ಅಜ್ಜಿ ಮಗಳನ್ನು ಹುಡುಕಿ ಒದರುತ್ತಾಳೆ. ಅತ್ತೆ ಸೂಜಿ ಕೆಳಗಿಟ್ಟು ಬಸ್ ಹತ್ತುತ್ತಾಳೆ. ಅವನು ಗೋಡೆಯ ಗಡಿಯಾರ ನೋಡಿದ. ನಾಲ್ಕಕ್ಕೆ ಇನ್ನೂ ಎರಡು ತಾಸು ಇತ್ತು. ಬಾಯಿ ಮುಚ್ಚಿದ. ಮುಖ ಅವಳ ಕೈಗೆ ಸಿಗದಂತೆ ಹಿಂದಕ್ಕೆ ಸರಿಸಿ, ಅವಳ ಕೈಯನ್ನು ಮೆಲ್ಲಗೆ ಒತ್ತಿದ.

"ಐತಾರ ರಜಾ ಇರತೈತಿ, ಬರ್ತಾನ ಬಿಡು," ಎಂದು ಅಜ್ಜಿ ಅಪ್ಪನಿಗೇ ಸಮಾಧಾನ ಹೇಳಿದಳು.