ಕಾಕಾ ಕರ್ನೆಲ್ ಆದದ್ದು

ಕುಷ್ಟಗಿ ತಾಲೂಕಿನ ಮೊಟ್ಟಮೊದಲ ಕಂಪ್ಯೂಟರ್ ನಮ್ಮ ಕಾಕಾ. ನಂಬಿಕೆ ಬರಲಿಲ್ಲವೇ? ಅವನ ಹೆಂಡತಿ, ನಮ್ಮ ಚಿಗವ್ವನನ್ನು ಕೇಳಿ!

ಎಂಬತ್ತರ ದಶಕದ ಕೊನೆ. ನಮ್ಮ ವಂಶದಲ್ಲಿ ಮೊದಲು ಪದವಿ ಪಡೆದವನು ನಾನು. ರಜೆಯಲ್ಲಿ ಕಲ್ಲು ಒಡೆದು ಓದಿದವನು, ಹೆಮ್ಮೆಯಿಂದಲೇ ಹೇಳುತ್ತೇನೆ. ಕಂಪ್ಯೂಟರ್ ಕಲಿತು ಊರಿಗೆ ಬಂದಾಗ ಕಾಕಾ ಕೇಳಿದ, "ಅದರೊಳಗ ಯಜಮಾನ ಯಾರಲೇ?"

"ಕರ್ನೆಲ್ ಅಂತ ಇರ್ತೈತಿ ಕಾಕಾ. ಉಳಿದ ಪ್ರೋಗ್ರಾಮು ತಾವಾಗಿ ಏನೂ ಮುಟ್ಟಂಗಿಲ್ಲ. ಏನು ಬೇಕಾದ್ರೂ ಅದನ್ನ ಕೇಳಬೇಕು."

ಕಾಕಾನ ಮುಖ ಅರಳಿತು. ತನ್ನನ್ನು ನೋಡಿಯೇ ಯಾರೋ ಈ ಯಂತ್ರ ಮಾಡಿದ್ದಾರೆ ಎಂಬಂತೆ! ಮರುದಿನ ಬೆಳಗ್ಗೆ ಉಪ್ಪಿನ ಗಡಿಗೆ, ಬಾವಿಯ ಹಗ್ಗ, ಕಂದೀಲು, ಸೈಕಲ್ಲು ಎಲ್ಲ ಅವನು ಮಲಗುವ ಹೊರಸಿನ ಸುತ್ತ ಬಂದು ಕೂತವು. ಯಾರಿಗೆ ಏನು ಬೇಕಾದರೂ ಕಾಕಾನಿಗೇ ಅರಿಕೆ!

ಅವನ ಮಗಳು ಶಾಂತಾ ಪಿಯುಸಿ ಪಾಸಾಗಿದ್ದಳು. ಕೊಪ್ಪಳದ ಕಾಲೇಜಿಗೆ ಸೋಮವಾರದೊಳಗೆ ಸೇರಬೇಕು, ಇಲ್ಲದಿದ್ದರೆ ಆ ವರ್ಷ ಹೋದಂತೆಯೇ. ಅವಳು ಎಷ್ಟು ಸಲ ಅಪ್ಪಣೆ ಕೇಳಿದರೂ ಕಾಕಾನದು ಒಂದೇ ಉತ್ತರ: "ಸರದಿ ಬರ್ಲಿ."

ಸರದಿ ಎಲ್ಲಿ ಬರಬೇಕು? ಒಲೆಯ ಮೇಲೆ ಸಾರು ಕುದಿಯುವಾಗ ಚಿಗವ್ವ ಉಪ್ಪು ಕೇಳಿದರೆ, "ತಡಿ, ನಿಮ್ಮ ತಮ್ಮಂದು ಸೈಕಲ್ ವಿಚಾರ ಮುಗೀಲಿ" ಎನ್ನುತ್ತಿದ್ದ.

"ಅಷ್ಟೊತ್ತಿಗೆ ಸಾರು ಬತ್ತಿ ಗಡಿಗಿನೂ ಉಪ್ಪು ಕೇಳ್ತೈತಿ!" ಎಂದು ಚಿಗವ್ವ ಸೌಟು ಕುಕ್ಕುತ್ತಿದ್ದಳು. ಮಧ್ಯಾಹ್ನ ಕಾಕಾ ನಿದ್ದೆ ಹೋದನೋ, ಇಡೀ ಮನೆ ಬಂದ್! ಹಗ್ಗಕ್ಕಾಗಿ ಬಂದವರು ಖಾಲಿ ಕೊಡ ಹಿಡಿದು ಗೊರಕೆ ಕೇಳುತ್ತ ನಿಲ್ಲಬೇಕು.

ನಾನು ತಿಳಿಹೇಳಿದೆ. "ಕಾಕಾ, ಛಲೋ ಕರ್ನೆಲ್ ಸಣ್ಣದಿರ್ತೈತಿ. ಒಬ್ಬರು ತಪ್ಪಿದ್ರ ಎಲ್ಲಾರೂ ಕೆಡ್ತಾರಲ್ಲ, ಅಂಥಾ ಕೆಲಸ ಅಷ್ಟೇ ಅದರದು. ಉಳಿದದ್ದು ಅವರವರಿಗೆ ಬಿಡಬೇಕು."

"ನಿನಗ ಓದು ಭಾಳ ಆತು ಮಗನ!"

ಅಷ್ಟರಲ್ಲಿ ಮನೆಯಲ್ಲಿ ಜೋಳ ತೀರಿತು. ನಮ್ಮ ಕಡೆ ಜೋಳ ಇಡುವುದು ಅಂಗಳದ ನೆಲದೊಳಗೆ ತೋಡಿದ ಹಗೇವಿನಲ್ಲಿ. ತಿಂಗಳುಗಟ್ಟಲೆ ಮುಚ್ಚಿದ ಅದರೊಳಗಿನ ಗಾಳಿ ವಿಷ. ಬಾಯಿ ತೆರೆದು, ಗಾಳಿಯಾಡಲು ಬಿಟ್ಟು, ಕಂದೀಲು ಇಳಿಬಿಟ್ಟು ನೋಡಬೇಕು. ದೀಪ ಉರಿಯುತ್ತಿದ್ದರೆ ಮಾತ್ರ ಮನುಷ್ಯ ಇಳಿಯಬೇಕು. ಶಾಂತಾ ಕಂದೀಲು ಕೇಳಿದಾಗ ಕಾಕಾ ಪಲ್ಯಕ್ಕೆ ಖಾರ ಎಷ್ಟು ಎಂಬ ಘನ ವಿಚಾರದಲ್ಲಿದ್ದ. "ಸರದಿ!" ಎಂದ.

ಸ್ವಲ್ಪ ಹೊತ್ತಿಗೆ ಚಿಗವ್ವ ಅಂಗಳದಿಂದ ಚೀರಿದಳು. ಕಲ್ಲು ಸರಿಸಿ, ಬುಟ್ಟಿ ಹಿಡಿದು, ಶಾಂತಾ ಆಗಲೇ ಹಗೇವಿನೊಳಗೆ ಕಾಲು ಇಳಿಬಿಟ್ಟು ಕೂತಿದ್ದಳು! ಕಾಕಾ ಓಡಿಹೋಗಿ ಅವಳ ರಟ್ಟೆ ಹಿಡಿದು ಎಳೆದ. ಕಂದೀಲು ಹಚ್ಚಿ ಕೆಳಗೆ ಬಿಟ್ಟ. ಅರ್ಧಕ್ಕೆ ಇಳಿಯುವಷ್ಟರಲ್ಲಿ ಅದು ಆರಿತು.

ಕಾಕಾ ಆರಿದ ಕಂದೀಲನ್ನು ಮೇಲೆಳೆದುಕೊಂಡ. ಚಿಗವ್ವನಿಗೆ ಹೇಳಿದ, "ಉಪ್ಪು ಒಯ್ಯಿ. ಹಗ್ಗನೂ ಒಯ್ಯಿ. ಹಗೇವು ಒಂದು ನನಗಿರ್ಲಿ."

"ಅಪ್ಪಾ, ನನ್ನ ಕಾಲೇಜು?"

"ಅದನ್ನ ನನಗ್ಯಾಕ ಕೇಳ್ತೀಯವ್ವಾ? ಓದೂದು ನಿಂದು. ಮಂದಿ ಬಾಯಿ ನನಗ ಬಿಡು."

ಸೋಮವಾರ ಕುಷ್ಟಗಿಯ ಬಸ್‌ಸ್ಟ್ಯಾಂಡಿನಲ್ಲಿ ಊರ ಹಿರಿಯರು ಸುತ್ತುಗಟ್ಟಿದರು. "ಬೆಳೆದ ಹುಡುಗಿನ್ನ ಒಬ್ಬಾಕಿನ್ನ ಕಳಸ್ತಿ? ನಿನಗ ಬುದ್ಧಿ ಐತೇನೋ?"

ಶಾಂತಾ ಹತ್ತಿದ ಬಸ್ಸು ಹೊರಡುವವರೆಗೂ ಕಾಕಾ ಅದರ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದ. ಎಲ್ಲರ ಬೈಗುಳ ತಾನೇ ನಗುತ್ತ ತಿಂದ. ಒಂದು ಮಾತನ್ನೂ ಒಳಗೆ ಹೋಗಗೊಡಲಿಲ್ಲ.