ಮೊರದೊಳಗಿನ ನೀಲಿ ಪೆನ್ನು

ಎಲ್ಲದಕ್ಕೂ ಕಾರಣ ಒಂದು ಪೆನ್ನು. ಹೊಸನಗರದ ಆ ಕೇರಿಯಲ್ಲಿ ಮಗು ಹೊಸಿಲು ದಾಟಿತೆಂದರೆ ಒಂದು ಮೊರದಲ್ಲಿ ಪೆನ್ನು, ಉಂಗುರ, ಭತ್ತ, ತಕ್ಕಡಿ ಇಟ್ಟು ಅದರ ಮುಂದೆ ಸರಿಸುತ್ತಾರೆ. ಮಗು ಯಾವುದಕ್ಕೆ ಕೈ ಹಾಕುತ್ತದೋ ಅದೇ ಅದರ ಮುಂದಿನ ಬಾಳು. ಹದಿನೈದು ದಿನದ ಹಿಂದೆ ಪಕ್ಕದ ಮನೆಯ ಗುಮಾಸ್ತ ಮಂಜುನಾಥನ ಮಗ ಲಿಖಿತ್ ಸೀದಾ ಹೋಗಿ ಪೆನ್ನು ಹಿಡಿದುಬಿಟ್ಟಿದ್ದ. "ರಕ್ತದಲ್ಲೇ ಬಂದದ್ದು ಮಾರಾಯ್ರೆ!" ಎಂದು ಮಂಜುನಾಥ ಅಂದಿನಿಂದ ಬೀಗುತ್ತಲೇ ಇದ್ದ.

ಸಾಗರದ ಬಸ್ಸಿನ ಕಂಡಕ್ಟರ್ ದುರ್ಗೇಶನಿಗೆ ಹೊಟ್ಟೆಯೊಳಗೆ ಮೆಣಸಿನಕಾಯಿ ಅರೆದಂತಾಗಿತ್ತು. ಅವನ ಮಗಳು ಚೈತನ್ಯಾಳ ಶಾಸ್ತ್ರ ಇನ್ನೂ ಆಗಬೇಕಿತ್ತು. "ನಿಮ್ಮ ಹುಡುಗಿ ಎಂತ ಹಿಡೀತಾಳೆ? ಟಿಕೆಟ್ ಬುಕ್ಕಾ?" ಎಂದು ಕೇರಿಯವರು ನಗುತ್ತಿದ್ದರು. ಮಗಳು ಆಫೀಸರಾಗಬೇಕು, ಅದನ್ನು ಮಂಜುನಾಥ ಕಣ್ಣಾರೆ ನೋಡಬೇಕು ಎಂಬುದೊಂದೇ ದುರ್ಗೇಶನ ಆಸೆ. ಅದಕ್ಕೆ ರಕ್ತವನ್ನು ನಂಬಿ ಕೂರುವ ಹಾಗಿರಲಿಲ್ಲ.

ಹಾಗಾಗಿ ಗುಟ್ಟಾಗಿ ತರಬೇತಿ ಶುರುವಾಯಿತು. ದಿನಾ ಬೆಳಿಗ್ಗೆ ತನ್ನ ನೀಲಿ ಪೆನ್ನಿನ ತುದಿಗೆ ಜೋನಿ ಬೆಲ್ಲ ಸವರಿ ಮಗಳ ಮುಂದೆ ಹಿಡಿಯುತ್ತಿದ್ದ. ಅವಳು ಚಪ್ಪರಿಸಿದ ಮೇಲೆ ಪೆನ್ನನ್ನು ಒರೆಸಿ, ಕಿವಿಗೆ ಸಿಕ್ಕಿಸಿಕೊಂಡು, ತೊಟ್ಟಿಲನ್ನು ಎರಡು ಸಲ ತಟ್ಟಿ, "ಬರ್ತೀನಿ ಮಗಾ" ಎಂದು ಬಸ್ಸಿಗೆ ಓಡುತ್ತಿದ್ದ.

ಶಾಸ್ತ್ರದ ದಿನ ಬಂತು. ಬೆಳಿಗ್ಗೆ ನೋಡಿದರೆ ಬೆಲ್ಲ ಸವರಿಟ್ಟ ಪೆನ್ನಿನ ತುಂಬ ಇರುವೆ! ಅದನ್ನು ಕಂಡ ಅವನ ತಾಯಿ ಗುತ್ಯಮ್ಮ ಸೋಪು ಹಾಕಿ ತೊಳೆದೇಬಿಟ್ಟಳು.

"ಅವ್ವಾ, ಎಂತ ಮಾಡ್ದೆ!"

"ಪೆನ್ನು ತೊಳ್ದ್ರೆ ಅಳೋನ್ನ ಇವತ್ತೇ ನೋಡಿದ್ದು."

ದುರ್ಗೇಶ ಅಡುಗೆಮನೆಗೆ ನುಗ್ಗಿ ಅವಸರದಲ್ಲಿ ಮತ್ತೆ ಬೆಲ್ಲ ಸವರಿದ. ಹೊರಬರುವಷ್ಟರಲ್ಲಿ ಮಂಜುನಾಥ ಮಗನನ್ನು ಎತ್ತಿಕೊಂಡು ಬಂದು ದುರ್ಗೇಶನ ಕೈ ಕುಲುಕಿದ. ಕುಲುಕಿದ ಕೈ ಬಿಡಲೇ ಇಲ್ಲ.

"ಎಂತದು ಅಂಟು?"

"ಹಲಸಿನ ಸೊನೆ."

"ಈ ತಿಂಗಳಲ್ಲಿ ಹಲಸು ಎಲ್ಲಿ ಮಾರಾಯ್ರೆ?"

"ಫ್ರಿಜ್‌ನಲ್ಲಿತ್ತು" ಎಂದು ದುರ್ಗೇಶ ಕೈಯನ್ನು ಪಂಚೆಗೆ ಒರೆಸಿಕೊಂಡ.

ಕೇರಿಯೆಲ್ಲ ಸೇರಿತು. ಹೆಂಡತಿ ಸುಚಿತ್ರಾ ಮಗಳನ್ನು ಹೊಸಿಲು ದಾಟಿಸಿದಳು. ಗುತ್ಯಮ್ಮ ಮೊರ ಸರಿಸಿದ್ದೇ ತಡ, ಲಿಖಿತ್ ಅಪ್ಪನ ತೋಳಿನಿಂದ ಜಾರಿ, ನಾಲಿಗೆ ಚಾಚಿಕೊಂಡು ಪೆನ್ನಿನ ಕಡೆಗೆ ಹರಿದ. "ನೋಡಿ, ಪೆನ್ನು ಕಂಡ್ರೆ ತಡಿಯಕ್ಕಾಗಲ್ಲ ಇವನ್ಗೆ!" ಎಂದು ಮಂಜುನಾಥ ಅವನ ಕಾಲು ಹಿಡಿದು ಹಿಂದಕ್ಕೆಳೆದ. ಇವತ್ತೂ ಹೊಗಳಿಕೆ ಅವನಿಗೇ! ದುರ್ಗೇಶ ಹಲ್ಲು ಕಚ್ಚಿಕೊಂಡ.

ಚೈತನ್ಯಾ ಉಂಗುರ ನೋಡಿದಳು, ಬಿಟ್ಟಳು. ಭತ್ತ ಚೆಲ್ಲಿದಳು. ಆಮೇಲೆ ಪೆನ್ನನ್ನು ಗಬಕ್ಕನೆ ಹಿಡಿದಳು.

"ಹಿಡಿದ್ಲು! ಆಫೀಸರ್ರು!" ಎಂದು ದುರ್ಗೇಶ ಕುಣಿದ. ಹದಿನೈದು ದಿನದ ಉರಿಯೆಲ್ಲ ಆ ಗಳಿಗೆಯಲ್ಲಿ ತಣ್ಣಗಾಯಿತು. ಮಂಜುನಾಥನ ಮುಖ ಹುಳಿ ಮಜ್ಜಿಗೆ ಕುಡಿದವನ ಹಾಗಾಯಿತು.

ಆದರೆ ಚೈತನ್ಯಾ ಪೆನ್ನನ್ನು ನೆಕ್ಕಲಿಲ್ಲ. ತಡವರಿಸುತ್ತ ಕಿವಿಯ ಮೇಲೆ ಒತ್ತಿಕೊಂಡಳು. ಬೆಲ್ಲದ ಅಂಟಿಗೆ ಅದು ಕೂದಲಲ್ಲಿ ಗಟ್ಟಿಯಾಗಿ ನಿಂತಿತು. ಆಮೇಲೆ ಅಂಗೈಯಿಂದ ಮೊರವನ್ನು ಎರಡು ಸಲ ಪಟಪಟ ಬಡಿದಳು.

ಯಾರೋ "ರೈಟ್, ರೈಟ್!" ಎಂದು ಕೂಗಿದರು. ಕೇರಿಯೇ ಬಿದ್ದು ಬಿದ್ದು ನಕ್ಕಿತು.

"ರಕ್ತ ಎಲ್ಲಿಗೆ ಹೋಗ್ತದೆ! ಥೇಟ್ ಅಪ್ಪನೇ!" ಎಂದಳು ಗುತ್ಯಮ್ಮ, ಹೆಮ್ಮೆಯಿಂದಲೇ.

'ರಕ್ತ ಅಲ್ಲ, ನಾನೇ ಕಲಿಸಿದ್ದು' ಎಂಬ ಮಾತು ದುರ್ಗೇಶನ ಬಾಯಿಯವರೆಗೆ ಬಂತು. ಹಾಗೆಂದರೆ ಬೆಲ್ಲದ ಕತೆಯನ್ನೂ ಹೇಳಬೇಕಾಗುತ್ತಿತ್ತು.

ಪಾಯಸದ ಹೊತ್ತಿಗೆ ಮಂಜುನಾಥ ಅವನನ್ನು ಹಿತ್ತಲಿಗೆ ಕರೆದುಕೊಂಡು ಹೋದ. ಆಚೀಚೆ ನೋಡಿ ಪಿಸುಗುಟ್ಟಿದ:

"ದುರ್ಗೇಶಣ್ಣ, ಯಾರ್ಗೂ ಹೇಳ್ಬೇಡಿ. ನಾನೂ ಒಂದು ತಿಂಗ್ಳು ಜೋನಿ ಬೆಲ್ಲನೇ ಹಚ್ಚಿದ್ದು. ಆದ್ರೆ ನಮ್ಮೋನು ಇವತ್ತಿಗೂ ನೆಕ್ಕದೊಂದೇ. ಕಿವಿಗೆ ಸಿಕ್ಕಿಸೋದು ಹೆಂಗೆ ಕಲಿಸಿದ್ರಿ?"